ಹಳೆಯ ಕಾರಿನ ತಲೆ ಬಿಚ್ಚಿದಾಗ

ದುರಸ್ತಿ ಎಂಬ ಪದ ನಮ್ಮ ಮನೆಗಳಿಂದ ಮೆಲ್ಲಮೆಲ್ಲನೆ ದೂರವಾಗುತ್ತಿದೆ. ಮಳೆಗಾಲಕ್ಕೆ ಮುನ್ನ ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದ ಕೊಡೆ ರಿಪೇರಿಯವನು ಈಗ ಅಪರೂಪ. ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರನ್ನು ನಮ್ಮ ಮಕ್ಕಳು ನೋಡಿಯೇ ಇಲ್ಲ. ಕೆಟ್ಟದ್ದನ್ನು ಬಿಚ್ಚಿ ನೋಡುವುದಕ್ಕಿಂತ ಹೊಸದನ್ನು ತರುವುದೇ ಸುಲಭವೆಂದು ನಾವೆಲ್ಲರೂ ನಂಬತೊಡಗಿದ್ದೇವೆ. ಎಷ್ಟೋ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಆದರೆ ಹೊಸದನ್ನು ತರುವಷ್ಟು ಹಣವಿಲ್ಲದ, ಹಳೆಯದನ್ನು ಬಿಡಲೂ ಆಗದ ಸ್ಥಿತಿಯೊಂದುಂಟು. ಬಡವರ ಮನೆಗಳಿಗೆ ಅದು ಚಿರಪರಿಚಿತ. ನಮ್ಮ ಗುರುಮನೆಯ ಕಾರಿನ ಎಂಜಿನ್ನು ಕಳೆದ ವರ್ಷ ನಮ್ಮನ್ನು ಅದೇ ಸ್ಥಿತಿಗೆ ತಂದು ನಿಲ್ಲಿಸಿತು. ಆ ಎಂಜಿನ್ನಿನ ಸಿಲಿಂಡರ್ ಹೆಡ್ಡನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸಿದ ಕಥೆಯನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ. ಇದರಲ್ಲಿ ಯಂತ್ರದ ಮಾತೇ ಹೆಚ್ಚು. ಸಹನೆಯಿಂದ ಓದಬೇಕೆಂದು ಕೋರುತ್ತೇನೆ.

ನಾನು ಈಗ ಸೇವೆ ಸಲ್ಲಿಸುತ್ತಿರುವುದು ಮಲೆನಾಡಿನ ಒಂದು ಚಿಕ್ಕ ಧರ್ಮಕೇಂದ್ರದಲ್ಲಿ. ನಾಲ್ಕು ಉಪಕೇಂದ್ರಗಳು, ಅವುಗಳ ನಡುವೆ ತೋಟ, ಕಾಡು, ಏರು ಇಳಿವಿನ ರಸ್ತೆಗಳು. ಬಹಳ ಹಿಂದೆ ತೋಟದ ಕುಟುಂಬವೊಂದು ದಾನವಾಗಿ ಕೊಟ್ಟ 1986ರ ಅಂಬಾಸಿಡರ್ ಕಾರು ನಮ್ಮ ಕೊಟ್ಟಿಗೆಯಲ್ಲಿದೆ. ಅದರಲ್ಲಿ ನಾನು ಬಲಿಪೂಜೆಗೆ ಹೋಗುವುದು ವಾರಕ್ಕೊಂದೆರಡು ಬಾರಿ ಮಾತ್ರ. ಉಳಿದ ದಿನಗಳಲ್ಲಿ ಅದು ಊರಿನ ಕಾರು. ಡಯಾಲಿಸಿಸ್‌ಗಾಗಿ ವಾರಕ್ಕೆರಡು ಬಾರಿ ಪಟ್ಟಣಕ್ಕೆ ಹೋಗಬೇಕಾದ ಹಿರಿಯರೊಬ್ಬರು, ಹೆರಿಗೆಯ ದಿನ ಸಮೀಪಿಸಿದ ಹೆಣ್ಣುಮಕ್ಕಳು, ಹಾವು ಕಡಿದವರು, ಯಾರಿಗೆ ಬೇಕಾದರೂ ಅದೇ ಆಸರೆ. ಜಾತಿ ಧರ್ಮ ಕೇಳದೆ ಅದು ಎಲ್ಲರನ್ನೂ ಹೊತ್ತಿದೆ. ಆದುದರಿಂದ ಅದು ಕೆಟ್ಟು ನಿಂತಾಗ ಸುದ್ದಿ ಗುರುಮನೆಯ ಗೋಡೆಗಳೊಳಗೆ ಉಳಿಯಲಿಲ್ಲ.

ಈ ಕಾರಿನ ವಂಶಾವಳಿ ನಮ್ಮ ಹಿರಿಯರಿಗೆ ಗೊತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯು 1950ರ ದಶಕದ ಕೊನೆಯಲ್ಲಿ ಅಂಬಾಸಿಡರನ್ನು ತಯಾರಿಸತೊಡಗಿತು. 2014ರಲ್ಲಿ ಆ ತಯಾರಿಕೆ ನಿಂತಿತು. ನಮ್ಮ ಕಾರಿನಲ್ಲಿರುವುದು 1489 ಸಿ.ಸಿ. ಪೆಟ್ರೋಲ್ ಎಂಜಿನ್ನು. ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ‘ಬಿ ಸೀರೀಸ್’ ಎಂಬ ಕುಟುಂಬಕ್ಕೆ ಸೇರಿದ ಇದಕ್ಕೆ ನಾಲ್ಕು ಸಿಲಿಂಡರು, ಎಂಟು ವಾಲ್ವು. ಕೆಳಗಿನ ಬ್ಲಾಕು, ಮೇಲಿನ ಹೆಡ್ಡು ಎರಡೂ ಎರಕದ ಕಬ್ಬಿಣ. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಒಂದು ಪೆಟ್ಟಿಗೆ ಸ್ಪ್ಯಾನರುಗಳಿದ್ದರೆ ಹಳ್ಳಿಯ ಮೇಸ್ತ್ರಿಯೂ ಅದರ ಹೊಟ್ಟೆಯೊಳಗೆ ಕೈಯಿಡಬಲ್ಲ. ಕಡಿಮೆ ಖರ್ಚಿನ ದುರಸ್ತಿ ಸಾಧ್ಯವಾದುದಕ್ಕೆ ಮೊದಲ ಕಾರಣ ಈ ಸರಳತೆ.

ಸಿಲಿಂಡರ್ ಹೆಡ್ ಎಂದರೇನು ಎಂದು ಕೇಳುವವರಿಗೆ ಒಂದು ಮಾತು. ಎಂಜಿನ್ನಿನ ನಾಲ್ಕು ಸಿಲಿಂಡರುಗಳನ್ನು ನಾಲ್ಕು ಚೊಂಬುಗಳೆಂದು ಭಾವಿಸಿದರೆ, ಅವೆಲ್ಲಕ್ಕೂ ಸೇರಿಸಿ ಮುಚ್ಚಿದ ಒಂದೇ ದಪ್ಪ ಮುಚ್ಚಳ ಈ ಹೆಡ್ಡು. ಪೆಟ್ರೋಲು ಉರಿಯುವುದು ಈ ಮುಚ್ಚಳದ ಅಡಿಯ ಗುಳಿಗಳಲ್ಲಿ. ಗಾಳಿ ಪೆಟ್ರೋಲುಗಳ ಮಿಶ್ರಣ ಒಳಬರುವ ದಾರಿ, ಸುಟ್ಟ ಹೊಗೆ ಹೊರಹೋಗುವ ದಾರಿ, ಎರಡನ್ನೂ ಕಾಯುವ ವಾಲ್ವುಗಳು, ಸುತ್ತಲೂ ಹರಿಯುವ ತಂಪು ನೀರು, ಮೇಲೆ ಜಾರುವ ಎಣ್ಣೆ ಎಲ್ಲವೂ ಈ ಒಂದೇ ಕಬ್ಬಿಣದ ತುಂಡಿನೊಳಗೆ ಒಂದಕ್ಕೊಂದು ತಾಕದಂತೆ ಸಾಗಬೇಕು. ಮುಚ್ಚಳಕ್ಕೂ ಚೊಂಬಿಗೂ ನಡುವೆ ಒಂದು ತೆಳುವಾದ ಗ್ಯಾಸ್ಕೆಟ್ ಇರುತ್ತದೆ. ಅದು ಸುಟ್ಟರೆ ಬೆಂಕಿ, ನೀರು, ಎಣ್ಣೆ ಮೂರೂ ತಮ್ಮ ಮೇರೆಗಳನ್ನು ಮೀರುತ್ತವೆ.

ನಮ್ಮಲ್ಲಿ ಆದದ್ದೂ ಅದೇ. ಘಾಟಿಯ ಏರಿನಲ್ಲಿ ಕಾರು ಕುದಿಯಿತು. ರೇಡಿಯೇಟರಿನ ನೀರು ದಿನದಿನಕ್ಕೆ ಕಡಿಮೆಯಾಗತೊಡಗಿತು; ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರೆ ಅದರ ತುದಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ. ಪ್ಲಗ್ಗುಗಳನ್ನು ಬಿಚ್ಚಿ ಆ ರಂಧ್ರಗಳಲ್ಲಿ ಒತ್ತಡದ ಮಾಪಕವಿಟ್ಟು ನೋಡಿದಾಗ ಒಂದನೆಯ ಮತ್ತು ನಾಲ್ಕನೆಯ ಸಿಲಿಂಡರುಗಳು 130 ಪೌಂಡಿನ ಆಸುಪಾಸು ತೋರಿಸಿದವು; ಎರಡು ಮತ್ತು ಮೂರು ಸುಮಾರು 80ಕ್ಕೆ ನಿಂತವು. ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದ್ದರೆ ಕೆಳಗಿನ ಪಿಸ್ಟನ್ ರಿಂಗುಗಳು ಸವೆದಿವೆಯೆಂದು ಅರ್ಥ. ಅದು ಏರಲಿಲ್ಲ. ಅಂದರೆ ಸೋರಿಕೆ ಮೇಲುಗಡೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತರೆ ಅವುಗಳ ನಡುವಿನ ಗ್ಯಾಸ್ಕೆಟ್ ಹೋಗಿದೆಯೆಂದು ಶಂಕಿಸುವುದು ವಾಡಿಕೆ. ಇಷ್ಟನ್ನು ತಿಳಿಯಲು ಒಂದು ಸ್ಪ್ಯಾನರು, ಒಂದು ಮಾಪಕ, ಅರ್ಧ ಗಂಟೆ ಸಾಕಾಯಿತು. ಏನು ಕೆಟ್ಟಿದೆಯೆಂದು ಮೊದಲು ತಿಳಿದುಕೊಳ್ಳುವುದಕ್ಕಿಂತ ಅಗ್ಗದ ಕೆಲಸ ದುರಸ್ತಿಯಲ್ಲಿ ಬೇರೊಂದಿಲ್ಲ.

ಧರ್ಮಕೇಂದ್ರದ ಆರ್ಥಿಕ ಸಮಿತಿಯಲ್ಲಿ ವಿಷಯ ಚರ್ಚೆಗೆ ಬಂದಿತು. ಗುಜರಿಗೆ ಹಾಕಿ, ಅಗತ್ಯ ಬಿದ್ದಾಗ ಬಾಡಿಗೆ ಜೀಪು ಕರೆಸೋಣ ಎಂದರು ಕೆಲವರು. ಆ ಮಾತಿನಲ್ಲಿ ತಿರುಳಿತ್ತು. ನಮ್ಮ ಹಣ ಕಾಣಿಕೆ ಡಬ್ಬಿಯ ಹಣ. ದಿನಗೂಲಿಯವರು ಹಾಕಿದ ಹತ್ತಿಪ್ಪತ್ತು ರೂಪಾಯಿಗಳು ಅದರಲ್ಲಿವೆ. ಅದನ್ನು ಹಳೆಯ ಕಬ್ಬಿಣಕ್ಕೆ ಸುರಿಯುವ ಹಕ್ಕು ನನಗಿಲ್ಲ. ಇನ್ನೊಂದೆಡೆ, ರಾತ್ರಿ ಎರಡು ಗಂಟೆಗೆ ನಮ್ಮ ಊರಿನ ಕಡೆಗೆ ಬಾಡಿಗೆ ವಾಹನ ಬರುವುದು ದುರ್ಲಭವೆಂಬುದೂ ಎಲ್ಲರಿಗೂ ಗೊತ್ತಿತ್ತು. ಬಹಳ ಹೊತ್ತಿನ ಮಾತಿನ ನಂತರ ಸಮಿತಿಯು 25,000 ರೂಪಾಯಿಗಳ ಮಿತಿ ಹಾಕಿತು. ಅದರೊಳಗೆ ಆಗದಿದ್ದರೆ ಕಾರು ಮಾರುವುದೆಂದು ತೀರ್ಮಾನವಾಯಿತು. ನನಗೆ ಆ ತೀರ್ಮಾನ ನ್ಯಾಯವೆನಿಸಿತು.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಲೇತು, ಬೋರಿಂಗ್ ಯಂತ್ರ, ಗ್ರೈಂಡಿಂಗ್ ಯಂತ್ರಗಳ ಸಾಲು ಅಂಗಡಿಗಳಿವೆ. ಅಲ್ಲಿ ನಲವತ್ತು ವರ್ಷಗಳಿಂದ ಹೆಡ್ಡಿನ ಕೆಲಸವನ್ನೇ ಮಾಡುತ್ತಿರುವ ಸಾಹೇಬರೊಬ್ಬರ ಬಳಿಗೆ ನಮ್ಮ ಧರ್ಮಕೇಂದ್ರದ, ಐ.ಟಿ.ಐ. ಓದುತ್ತಿರುವ ಯುವಕನೊಬ್ಬ ನನ್ನನ್ನು ಕರೆದುಕೊಂಡು ಹೋದ. ಎಷ್ಟಾಗುತ್ತದೆ ಎಂದು ನಾನು ಕೇಳಿದೆ. ಅವರು ಉತ್ತರಿಸುವ ಮೊದಲು ಮರುಪ್ರಶ್ನೆ ಹಾಕಿದರು: “ಫಾದರ್, ಈ ಕಾರಿನಲ್ಲಿ ಯಾರು ಕೂರುತ್ತಾರೆ?” ನಾನು ವಿವರಿಸಿದೆ. ಅವರು ತಲೆಯಾಡಿಸಿ, “ಹಾಗಾದರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ಬಿಚ್ಚಿದ ಮೇಲೆ ಹೇಳುತ್ತೇನೆ. ರೇಟು ಆಮೇಲೆ” ಎಂದರು. ಮುಂದಿನ ಎರಡು ವಾರಗಳ ಎಲ್ಲಾ ತೀರ್ಮಾನಗಳೂ ಆ ಒಂದು ಪ್ರಶ್ನೆಯ ಸುತ್ತ ನಡೆದವು.

ಹೆಡ್ಡನ್ನು ಬಿಚ್ಚುವ ಕೆಲಸ ನಮ್ಮ ಅಂಗಳದಲ್ಲಿಯೇ ನಡೆಯಿತು. ಅದರಿಂದ ಕೂಲಿ ಉಳಿಯಿತು. ಈ ಎಂಜಿನ್ನಿನಲ್ಲಿ ರಾಕರ್ ದಂಡವನ್ನು ಹಿಡಿದಿರುವ ಕೆಲವು ನಟ್ಟುಗಳೇ ಹೆಡ್ಡನ್ನೂ ಹಿಡಿದಿರುತ್ತವೆ. ಆದುದರಿಂದ ಅವುಗಳನ್ನು ಮಾತ್ರ ಮೊದಲು ಕಳಚದೆ, ಎಲ್ಲಾ ನಟ್ಟುಗಳನ್ನೂ ಕ್ರಮವಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಇಲ್ಲವಾದರೆ ಹೆಡ್ಡು ಡೊಂಕಾಗುವ ಅಪಾಯವಿದೆ. ಎಂಟು ಪುಶ್‌ರಾಡುಗಳನ್ನು ರಟ್ಟಿನ ಹಾಳೆಯಲ್ಲಿ ತೂತು ಕೊರೆದು, ಅಂಕಿ ಬರೆದು, ಅದೇ ಕ್ರಮದಲ್ಲಿ ಚುಚ್ಚಿಟ್ಟೆವು. ವರ್ಷಾನುಗಟ್ಟಲೆ ಜೊತೆಯಾಗಿ ಸವೆದ ಭಾಗಗಳು ಮತ್ತೆ ತಮ್ಮ ಜೊತೆಗಾರನ ಬಳಿಗೇ ಹೋಗಬೇಕು. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಆದ್ದರಿಂದ ಒಣಗಿದ್ದಾಗ ಕೆರೆಯದೆ, ನೀರು ಚಿಮುಕಿಸಿ ಮೆಲ್ಲಗೆ ತೆಗೆದೆವು. ಎರಡನೆಯ ಮೂರನೆಯ ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ ಸುಟ್ಟು ಕಪ್ಪಾದ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು.

ಸಾಹೇಬರು ಹೆಡ್ಡನ್ನು ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮುಳುಗಿಸಿ ತೊಳೆದರು. ಎರಕದ ಕಬ್ಬಿಣಕ್ಕೆ ಇದು ಅಗ್ಗದ, ಒಳ್ಳೆಯ ವಿಧಾನ. ಇಂದಿನ ಹೆಚ್ಚಿನ ಕಾರುಗಳಲ್ಲಿರುವ ಅಲ್ಯೂಮಿನಿಯಂ ಹೆಡ್ಡಿಗೆ ಮಾತ್ರ ಇದು ಸಲ್ಲದು. ಕಾಸ್ಟಿಕ್ ಆ ಲೋಹವನ್ನೇ ತಿಂದುಹಾಕುತ್ತದೆ. ತೊಳೆದ ಮೇಲೆ ಕೆಂಪು ಬಣ್ಣದ ದ್ರವವೊಂದನ್ನು ಬಳಿದು, ಒರೆಸಿ, ಬಿಳಿಯ ಪುಡಿಯನ್ನು ಸಿಂಪಡಿಸಿದರು. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಅಡಗಿದ ಕೆಂಪು ಬಿಳುಪಿನ ಮೇಲೆ ಮೂಡುತ್ತದೆ. ಮೂರನೆಯ ಸಿಲಿಂಡರಿನ ಎರಡು ವಾಲ್ವ್ ಸೀಟುಗಳ ನಡುವೆ ಕೂದಲೆಳೆಯಂತಹ ಕೆಂಪು ಗೆರೆ ಮೂಡಿತು. ನೀರಿನ ದಾರಿಗಳನ್ನೆಲ್ಲಾ ಮುಚ್ಚಿ, ಗಾಳಿ ತುಂಬಿ, ತೊಟ್ಟಿಯಲ್ಲಿ ಮುಳುಗಿಸಿದಾಗ ಅದೇ ಜಾಗದಿಂದ ಸಣ್ಣ ಗುಳ್ಳೆಗಳು ಒಂದೊಂದಾಗಿ ಮೇಲೆದ್ದವು.

ಈಗ ನಿಜವಾದ ಪ್ರಶ್ನೆ ಎದುರಾಯಿತು. ಬಿರುಕನ್ನು ವೆಲ್ಡಿಂಗ್ ಮಾಡಿಸಬಹುದು ಎಂದು ಪಕ್ಕದ ಅಂಗಡಿಯವರು ಸೂಚಿಸಿದರು. ಖರ್ಚು ಎರಡು ಸಾವಿರದೊಳಗೆ. ಎರಕದ ಕಬ್ಬಿಣದಲ್ಲಿ ಇಂಗಾಲದ ಅಂಶ ಹೆಚ್ಚು. ಇಡೀ ತುಂಡನ್ನು ಚೆನ್ನಾಗಿ ಕಾಯಿಸಿ, ಬೆಸೆದು, ಬಹಳ ನಿಧಾನವಾಗಿ ಆರಿಸದಿದ್ದರೆ ಬೆಸುಗೆಯ ಪಕ್ಕದಲ್ಲಿಯೇ ಹೊಸ ಬಿರುಕು ಹುಟ್ಟುತ್ತದೆ. ಹಾಗೆ ಕಾಯಿಸುವ ಕುಲುಮೆ ಅಲ್ಲಿ ಇರಲಿಲ್ಲ. ಸಾಹೇಬರು ನೇರವಾಗಿ ಹೇಳಿದರು: “ಬೆಸುಗೆ ಹಾಕಿ ಕೊಡಬಹುದು ಫಾದರ್, ಆರು ತಿಂಗಳೂ ಓಡಬಹುದು, ಆರು ವರ್ಷವೂ ಓಡಬಹುದು. ನಿಮ್ಮೊಬ್ಬರ ಕಾರಾಗಿದ್ದರೆ ಹಾಕುತ್ತಿದ್ದೆ. ನಡುರಾತ್ರಿ ಘಾಟಿಯಲ್ಲಿ ನೋವು ತಿನ್ನುವವರನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಈ ಹೆಡ್ಡನ್ನು ನಾನು ಕಟ್ಟಲಾರೆ.” ಆ ಮಾತಿನಿಂದ ಅವರಿಗೆ ಆದಾಯ ಬರಲಿಲ್ಲ, ಕೈಗೆ ಬಂದಿದ್ದ ಕೆಲಸ ತಪ್ಪಿಹೋಗುವ ಸಂಭವವೇ ಹೆಚ್ಚಾಗಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ವಾಹನಗಳ ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯಿದೆ. ಅಲ್ಲಿ ವಿಚಾರಿಸಿ ಅದೇ ಎಂಜಿನ್ನಿನ ಬಳಸಿದ ಹೆಡ್ಡೊಂದನ್ನು 5,500 ರೂಪಾಯಿಗೆ ತರಿಸಿದೆವು; ಬಿರುಕಿನ ಪರೀಕ್ಷೆಯಲ್ಲಿ ಉತ್ತೀರ್ಣವಾಗದಿದ್ದರೆ ಹಿಂದಿರುಗಿಸುವ ಷರತ್ತಿನ ಮೇಲೆ. ಅದೃಷ್ಟವಶಾತ್ ಅದು ಉತ್ತೀರ್ಣವಾಯಿತು. ಆದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಆ ಮೊತ್ತಕ್ಕೆ ಸ್ಥಳವಿರಲಿಲ್ಲ. ಏನನ್ನಾದರೂ ಕೈಬಿಡಲೇಬೇಕಾಗಿತ್ತು. ಹೊರಮೈಯ ಬಣ್ಣ, ಸೀಟಿನ ಹೊಸ ಹೊದಿಕೆ ಮೊದಲು ಹೋದವು. ಅನಂತರ ಯುವಕನ ಮನಸ್ಸಿನಲ್ಲಿದ್ದ ಕನಸುಗಳ ಸರದಿ.

ಆತನಿಗೆ ಈ ಎಂಜಿನ್ನಿನ ಬಲ ಹೆಚ್ಚಿಸಬೇಕೆಂಬ ಹುಮ್ಮಸ್ಸು. ಹೆಡ್ಡಿನ ಅಡಿಯನ್ನು ಎರಡು ಮಿಲಿಮೀಟರು ಕೆತ್ತಿಸಿದರೆ ಒತ್ತಡದ ಅನುಪಾತ ಏರುತ್ತದೆಂದು ಅವನ ವಾದ. ಲೆಕ್ಕ ಸರಿಯಾಗಿಯೇ ಇತ್ತು. 1489 ಸಿ.ಸಿ.ಯನ್ನು ನಾಲ್ಕರಿಂದ ಭಾಗಿಸಿದರೆ ಒಂದು ಸಿಲಿಂಡರಿಗೆ 372 ಸಿ.ಸಿ. ಅನುಪಾತ 7.2 ಎಂದಿಟ್ಟುಕೊಂಡರೆ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ 60 ಸಿ.ಸಿ. ಅದನ್ನು 8ಕ್ಕೆ ಏರಿಸಲು 53 ಸಿ.ಸಿ.ಗೆ ಇಳಿಸಬೇಕು. ಹೆಡ್ಡಿನ ಗುಳಿಯ ಬಾಯಿ ಸುಮಾರು 30 ಚದರ ಸೆಂಟಿಮೀಟರಾದರೆ ಒಂದು ಮಿಲಿಮೀಟರು ಕೆತ್ತಿದಾಗ 3 ಸಿ.ಸಿ. ತಗ್ಗುತ್ತದೆ, ಏಳು ಸಿ.ಸಿ.ಗೆ ಎರಡು ಮಿಲಿಮೀಟರಿಗೂ ಹೆಚ್ಚು. ಸಾಹೇಬರು ನಕ್ಕು, ಉಕ್ಕಿನ ನೇರಪಟ್ಟಿಯನ್ನು ಹೆಡ್ಡಿನ ಮೇಲಿಟ್ಟು ಫೀಲರ್ ಗೇಜು ತೂರಿಸಿದರು. ನಡುವೆ 0.10 ಮಿಲಿಮೀಟರಿನ ಎಲೆ ಮಾತ್ರ ಹೋಯಿತು. “ಇದು ಸಮವಾಗುವಷ್ಟು ಮಾತ್ರ ತೆಗೆಯೋಣ, ಕಾಲು ಮಿಲಿಮೀಟರು ಸಾಕು. ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಮಗನೇ. ಹತ್ತು ವರ್ಷದ ನಂತರ ಇನ್ನೊಬ್ಬ ಮೇಸ್ತ್ರಿ ಇದನ್ನು ಕೆತ್ತಬೇಕಾಗುತ್ತದೆ. ಅವನಿಗೂ ಸ್ವಲ್ಪ ಇಡು” ಎಂದರು. ಹೆಚ್ಚು ಕೆತ್ತಿದರೆ ಪುಶ್‌ರಾಡುಗಳು ಉದ್ದವಾಗಿ, ರಾಕರುಗಳ ಕೋನವೂ ಬದಲಾಗುತ್ತದೆಂದು ಅವರು ಬಳಿಕ ವಿವರಿಸಿದರು. ಕಾಲು ಮಿಲಿಮೀಟರಿನಿಂದ ಅನುಪಾತ 7.3ರ ಸಮೀಪಕ್ಕೆ ಬಂದಿತಷ್ಟೆ.

ಹಾಗಾದರೆ ಹಣ ಹೋದದ್ದು ಯಾವುದಕ್ಕೆ? ಮುಖ್ಯವಾಗಿ ನಾಲ್ಕು ಎಕ್ಸಾಸ್ಟ್ ವಾಲ್ವುಗಳ ಸೀಟುಗಳಿಗೆ. ಇದರ ಹಿಂದೆ ಒಂದು ದೊಡ್ಡ ಕಥೆಯಿದೆ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬಾತ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಿದರೆ ಎಂಜಿನ್ನು ಬಡಿದುಕೊಳ್ಳುವುದಿಲ್ಲವೆಂದು ಕಂಡುಕೊಂಡ. ಜಗತ್ತೆಲ್ಲಾ ಅದನ್ನು ಬಳಸಿತು. ಉರಿದ ಸೀಸವು ವಾಲ್ವಿನ ಸೀಟಿನ ಮೇಲೆ ತೆಳುಪದರವಾಗಿ ಕುಳಿತು, ಬಿಸಿ ಲೋಹ ಬಿಸಿ ಲೋಹಕ್ಕೆ ಅಂಟಿಕೊಳ್ಳದಂತೆ ತಡೆಯುತ್ತಿತ್ತು. ಹಾಗಾಗಿ ಹಳೆಯ ಎಂಜಿನ್ನುಗಳಲ್ಲಿ ಸೀಟನ್ನು ಹೆಡ್ಡಿನ ಮೆದು ಕಬ್ಬಿಣದಲ್ಲಿಯೇ ಕೆತ್ತಿದ್ದರೂ ನಡೆಯುತ್ತಿತ್ತು. ಅದೇ ಸೀಸ ಹೊಗೆಯಾಗಿ ಬೀದಿಯ ಗಾಳಿ ಸೇರಿ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತಿದೆಯೆಂಬುದು ಕಾಲಕ್ರಮೇಣ ಖಚಿತವಾಯಿತು. ಭಾರತದಲ್ಲಿ 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಿತು. ಕೊನೆಯದಾಗಿ ಅಲ್ಜೀರಿಯಾ ದೇಶವು 2021ರಲ್ಲಿ ಸೀಸದ ಪೆಟ್ರೋಲಿನ ಮಾರಾಟ ನಿಲ್ಲಿಸಿತು.

ಮಕ್ಕಳಿಗೆ ಒಳಿತಾದ ಈ ಬದಲಾವಣೆಯ ಸಣ್ಣ ಬೆಲೆಯನ್ನು ಹಳೆಯ ಹೆಡ್ಡುಗಳು ತೆರುತ್ತಿವೆ. ಸೀಸದ ಪದರವಿಲ್ಲದೆ, ಕಾದು ಕೆಂಪಾದ ಎಕ್ಸಾಸ್ಟ್ ವಾಲ್ವು ಮುಚ್ಚಿದಾಗ ಸೀಟಿನ ಕಣಗಳು ಅದಕ್ಕೆ ಅಂಟಿ ಕಿತ್ತುಬರುತ್ತವೆ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ವಾಲ್ವು ಸೆಕೆಂಡಿಗೆ 25 ಬಾರಿ ಬಡಿಯುತ್ತದೆ. ಹೀಗೆ ಸೀಟು ದಿನೇ ದಿನೇ ಕುಸಿದು, ವಾಲ್ವು ಮೇಲಕ್ಕೆ ಹೂತು, ಟ್ಯಾಪೆಟ್ಟಿನ ಅಂತರ ತಾನಾಗಿ ಕಡಿಮೆಯಾಗಿ, ಕೊನೆಗೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ನಾವು ತಂದ ಹೆಡ್ಡಿನಲ್ಲಿಯೂ ಎಕ್ಸಾಸ್ಟ್ ಸೀಟುಗಳು ಕುಸಿದಿದ್ದವು. ಇದಕ್ಕೆ ಪರಿಹಾರವೆಂದರೆ ಹಳೆಯ ಸೀಟಿನ ಜಾಗದಲ್ಲಿ ಗುಂಡನೆಯ ಕುಳಿ ಕೊರೆದು, ಗಟ್ಟಿಯಾದ ಮಿಶ್ರಲೋಹದ ಉಂಗುರವನ್ನು ಕೂರಿಸುವುದು. ಉಂಗುರವು ಕುಳಿಗಿಂತ ಸುಮಾರು ಹತ್ತನೆಯ ಒಂದು ಮಿಲಿಮೀಟರು ದೊಡ್ಡದಾಗಿರುತ್ತದೆ. ಸಾಹೇಬರು ಉಂಗುರಗಳನ್ನು ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿ ರಾತ್ರಿಯಿಡೀ ಇರಿಸಿ, ಬೆಳಗ್ಗೆ ಹೆಡ್ಡನ್ನು ಬಿಸಿಮಾಡಿ, ಕುಗ್ಗಿದ ಉಂಗುರವನ್ನು ಹಿಗ್ಗಿದ ಕುಳಿಗೆ ಒತ್ತಿ ಕೂರಿಸಿದರು. ಎರಡೂ ಒಂದೇ ಶಾಖಕ್ಕೆ ಬಂದಾಗ ಹಿಡಿತ ಬಿಗಿಯಾಯಿತು.

ಒಳಬರುವ ಕಡೆಯ ನಾಲ್ಕು ವಾಲ್ವುಗಳಿಗೆ ಉಂಗುರ ಹಾಕಿಸಲಿಲ್ಲ. ತಂಪಾದ ಪೆಟ್ರೋಲು ಮಿಶ್ರಣ ಅವುಗಳನ್ನು ಸದಾ ತಣಿಸುತ್ತಿರುವುದರಿಂದ ಅಲ್ಲಿ ಈ ಕುಸಿತ ತೀರಾ ಕಡಿಮೆ. ಅರ್ಧ ಖರ್ಚು ಅಲ್ಲಿ ಉಳಿಯಿತು. ವಾಲ್ವ್ ಗೈಡುಗಳ ವಿಷಯದಲ್ಲಿಯೂ ಹೀಗೆಯೇ: ಪ್ರತಿಯೊಂದರಲ್ಲಿ ವಾಲ್ವನ್ನಿಟ್ಟು ಅಲುಗಿಸಿ ನೋಡಿ, ಸಡಿಲವಾಗಿದ್ದ ಐದನ್ನು ಮಾತ್ರ ಬದಲಿಸಿದರು. ಸ್ಪ್ರಿಂಗುಗಳ ಎತ್ತರವನ್ನು ಒಂದರ ಪಕ್ಕ ಒಂದನ್ನಿಟ್ಟು ಅಳೆದರು, ಅವು ಸರಿಯಾಗಿದ್ದವು. ಸೀಟುಗಳನ್ನು ಮಾತ್ರ ಮೂರು ಕೋನಗಳಲ್ಲಿ ಕೆತ್ತಿದರು. ವಾಲ್ವು ಕೂರುವ ಮುಖ 45 ಡಿಗ್ರಿ, ಅದರ ಮೇಲೆ 30, ಕೆಳಗೆ 60. ಇದರಿಂದ ಗಾಳಿ ಮೂಲೆಗೆ ತಾಗದೆ ಬಳಸಿಕೊಂಡು ಹರಿಯುತ್ತದೆ; ಕೂರುವ ಪಟ್ಟಿಯ ಅಗಲವನ್ನೂ ಹದ್ದಿನಲ್ಲಿಡಬಹುದು. ಎಕ್ಸಾಸ್ಟ್ ಕಡೆ ಆ ಪಟ್ಟಿಯನ್ನು ತುಸು ಅಗಲವಾಗಿ, ಎರಡು ಮಿಲಿಮೀಟರಿನಷ್ಟು ಬಿಟ್ಟರು. ಸುಮಾರು 700 ಡಿಗ್ರಿ ಕಾಯುವ ಆ ವಾಲ್ವಿನ ಶಾಖದ ಹೆಚ್ಚಿನ ಪಾಲು ಇಳಿದುಹೋಗುವುದು ಈ ಪಟ್ಟಿಯ ಮೂಲಕವೇ. ಬಲವನ್ನು ಹೆಚ್ಚಿಸುವ ಕೆಲಸವೆಂದು ಕರೆಯಬಹುದಾದದ್ದು ಇದೊಂದೇ. ಇದಕ್ಕೆ ಪ್ರತ್ಯೇಕ ಖರ್ಚೂ ಇರಲಿಲ್ಲ.

ಯುವಕನ ಹುಮ್ಮಸ್ಸನ್ನು ಸಾಹೇಬರು ಪೂರ್ತಿ ತಣ್ಣಗಾಗಿಸಲಿಲ್ಲ. ಗಾಳಿಯ ದಾರಿಗಳನ್ನು ಕನ್ನಡಿಯಂತೆ ಹೊಳಪಿಸಬೇಕೆಂದು ಅವನು ಬಯಸಿದ್ದ. ಈ ಹೆಡ್ಡಿನಲ್ಲಿ ಒಳಬರುವ ದಾರಿಗಳು ಎರಡೇ. ಎರಡೆರಡು ಸಿಲಿಂಡರುಗಳು ಒಂದೊಂದನ್ನು ಹಂಚಿಕೊಳ್ಳುತ್ತವೆ. ಹೊರಹೋಗುವ ದಾರಿಗಳು ಮೂರು. ನಡುವಿನದು ಎರಡು, ಮೂರನೆಯ ಸಿಲಿಂಡರುಗಳಿಗೆ ಸೇರಿದ್ದು. ಇವುಗಳನ್ನು ಅಗಲಿಸಿದರೆ ನಿಧಾನ ವೇಗದಲ್ಲಿ ಗಾಳಿಯ ರಭಸ ತಗ್ಗಿ, ಏರಿನಲ್ಲಿ ಎಳೆಯುವ ಶಕ್ತಿ ಕುಂದುತ್ತದೆ. ನಮಗೆ ಬೇಕಾದದ್ದು ಏರಿನ ಶಕ್ತಿಯೇ. ಆದುದರಿಂದ ಎರಕದ ಗಂಟುಗಳನ್ನು ಸವರಿ, ಮ್ಯಾನಿಫೋಲ್ಡಿನ ಬಾಯಿ ಹೆಡ್ಡಿನ ಬಾಯಿಗೆ ಹೊಂದುವಂತೆ ಗ್ಯಾಸ್ಕೆಟ್ಟನ್ನಿಟ್ಟು ಗುರುತು ಮಾಡಿ ಅಂಚುಗಳನ್ನು ಸರಿಪಡಿಸುವಷ್ಟಕ್ಕೆ ಅವರು ಅವನಿಗೆ ಅನುಮತಿ ಕೊಟ್ಟರು. ಕೈ ಡ್ರಿಲ್ಲು ಹಿಡಿದು ಅವನು ಎರಡು ಸಂಜೆ ಕುಳಿತ. ಅನಂತರ ಎಂಟು ವಾಲ್ವುಗಳನ್ನೂ ಪೇಸ್ಟು ಹಚ್ಚಿ, ರಬ್ಬರಿನ ಬಟ್ಟಲಿರುವ ಕೋಲನ್ನು ಅಂಗೈಗಳ ನಡುವೆ ಉಜ್ಜುತ್ತಾ, ಮಜ್ಜಿಗೆ ಕಡೆದಂತೆ ತಿರುಗಿಸಿ ಕೂರಿಸಿದ. ಗುಳಿಗಳಿಗೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಇಟ್ಟೆವು. ಬೆಳಗ್ಗೆ ದಾರಿಗಳೊಳಗೆ ಬೆರಳಿಟ್ಟು ನೋಡಿದರೆ ಒಣಗಿಯೇ ಇದ್ದವು.

ಮರುಜೋಡಣೆಗೆ ಮುನ್ನ ಸಾಹೇಬರು ಹಾಕಿದ ಕಟ್ಟುನಿಟ್ಟಿನ ಷರತ್ತೆಂದರೆ ರೇಡಿಯೇಟರು. ಹಲವು ವರ್ಷಗಳ ಕೊಳವೆಬಾವಿ ನೀರಿನ ಸುಣ್ಣ ಅದರ ನಾಳಗಳಲ್ಲಿ ಕಟ್ಟಿಕೊಂಡಿತ್ತು. ಹೆಡ್ಡು ಬಿರಿದದ್ದು ಪರಿಣಾಮ, ಕಾರಣ ಅಲ್ಲಿತ್ತು. ಅದನ್ನು ಬಿಚ್ಚಿ ಶುಚಿಗೊಳಿಸಿ, ಹೊಸ ಥರ್ಮೋಸ್ಟಾಟ್ ಹಾಕಿ, ಬರಿಯ ನೀರಿನ ಬದಲು ಕೂಲೆಂಟ್ ತುಂಬಿದೆವು. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ, ಮೂರು ಹಂತಗಳಲ್ಲಿ ಟಾರ್ಕ್ ಸ್ಪ್ಯಾನರಿನಿಂದ ಬಿಗಿದೆವು; ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ. ಟ್ಯಾಪೆಟ್ಟುಗಳ ಅಂತರವನ್ನು 0.015 ಅಂಗುಲಕ್ಕೆ ಹೊಂದಿಸಲು ಹಳೆಯ ಮೇಸ್ತ್ರಿಗಳು ‘ಒಂಬತ್ತರ ಲೆಕ್ಕ’ ಬಳಸುತ್ತಾರೆ. ಎಂಟನೆಯ ವಾಲ್ವು ಪೂರ್ತಿ ತೆರೆದಿರುವಾಗ ಒಂದನೆಯದನ್ನು ಹೊಂದಿಸಬೇಕು, ಆರನೆಯದು ತೆರೆದಿರುವಾಗ ಮೂರನೆಯದನ್ನು. ಎರಡರ ಮೊತ್ತ ಯಾವಾಗಲೂ ಒಂಬತ್ತು. ಐ.ಟಿ.ಐ.ಯ ಯುವಕನಿಗೆ ಈ ಲೆಕ್ಕ ಎಷ್ಟು ಹಿಡಿಸಿತೆಂದರೆ, ಮುಂದಿನ ಭಾನುವಾರ ಧರ್ಮೋಪದೇಶದ ಮಕ್ಕಳಿಗೆ ಅವನೇ ಅದನ್ನು ಹೇಳಿಕೊಡುತ್ತಿದ್ದ.

ಒಟ್ಟು ಖರ್ಚು ಸಮಿತಿ ಹಾಕಿದ ಮಿತಿಯೊಳಗೆ, ಕೆಲವೇ ನೂರು ರೂಪಾಯಿ ಉಳಿಯುವಂತೆ ಮುಗಿಯಿತು. ನಾಲ್ಕೂ ಸಿಲಿಂಡರುಗಳು ಈಗ 135 ಪೌಂಡಿನ ಆಸುಪಾಸಿನಲ್ಲಿವೆ. ಕಾರು ಮೊದಲಿಗಿಂತ ವೇಗವಾಗಿ ಓಡುತ್ತದೆಂದು ನಾನು ಹೇಳಲಾರೆ. ಘಾಟಿಯನ್ನು ಕುದಿಯದೆ ಏರುತ್ತದೆ. ನಮಗೆ ಅಷ್ಟು ಸಾಕು. ಡಯಾಲಿಸಿಸ್‌ಗೆ ಹೋಗುವ ಹಿರಿಯರು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾ ಬರುತ್ತಾರೆ. ಹೊಸ ಸವಾಲುಗಳೂ ಇಲ್ಲದಿಲ್ಲ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತಿರುತ್ತದೆ. ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ, ಹಳೆಯ ಕಾರ್ಬ್ಯುರೇಟರಿನಲ್ಲಿ ಇಂಧನದ ಪಾಲು ಕಡಿಮೆಯಾದಂತಾಗಿ ಎಂಜಿನ್ನು ಹೆಚ್ಚು ಕಾಯಬಹುದು. ಹಳೆಯ ರಬ್ಬರ್ ಕೊಳವೆಗಳಿಗೂ ಅದು ಆಗಿಬರುವುದಿಲ್ಲ. ಕೊಳವೆಗಳನ್ನು ಬದಲಿಸಿ, ಕಾರ್ಬ್ಯುರೇಟರಿನ ಜೆಟ್ಟನ್ನು ತುಸು ದೊಡ್ಡದು ಮಾಡಿಸಿದ್ದೇವೆ.

ಕಡಿಮೆ ಖರ್ಚಿನ ಕೆಲಸವೆಂದರೆ ಎಲ್ಲೆಲ್ಲಿಯೂ ಅಗ್ಗದ್ದನ್ನು ಹಾಕುವುದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಸಾಹೇಬರ ಅಂಗಡಿಯಲ್ಲಿ ನಾನು ಕಂಡದ್ದು ಬೇರೆ. ಅವರು ಬಣ್ಣವನ್ನು ಬಿಟ್ಟರು, ಹೊಳಪನ್ನು ಬಿಟ್ಟರು, ಸರಿಯಾಗಿದ್ದ ಸ್ಪ್ರಿಂಗು ಗೈಡುಗಳನ್ನು ಹಾಗೆಯೇ ಉಳಿಸಿದರು. ಆದರೆ ಬೆಂಕಿಯೂ ನೀರೂ ಒಂದಕ್ಕೊಂದು ತಾಗುವ ಜಾಗದಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಒಪ್ಪಲಿಲ್ಲ. ಮನೆ ಕಟ್ಟುವವರು, ಮಕ್ಕಳನ್ನು ಓದಿಸುವವರು, ಸಂಸ್ಥೆಗಳನ್ನು ನಡೆಸುವವರು, ನಾವೆಲ್ಲರೂ ಇಕ್ಕಟ್ಟಿನ ಹಣದಲ್ಲಿಯೇ ಬದುಕುತ್ತೇವೆ. ಇಕ್ಕಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದು ಬಹುತೇಕ ಕಣ್ಣಿಗೆ ಕಾಣದ ಭಾಗಗಳಿಗೆ. ಯಾಕೆಂದರೆ ಅಲ್ಲಿ ಕತ್ತರಿಸಿದ್ದನ್ನು ಯಾರೂ ಕೇಳುವುದಿಲ್ಲ. ಹಬ್ಬದ ದಿನ ಹೊಸ ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ. ವಾಲ್ವಿನ ಸೀಟನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಅದರಲ್ಲಿ ಯಾರು ಕೂರುತ್ತಾರೆ ಎಂಬ ಪ್ರಶ್ನೆಯನ್ನು ಖರ್ಚಿಗೆ ಮುನ್ನ ಕೇಳಿಕೊಂಡರೆ ಎಷ್ಟೋ ಗೊಂದಲಗಳು ತಾವಾಗಿ ಬಗೆಹರಿಯುತ್ತವೆಂದು ನನಗೆ ಅನಿಸುತ್ತದೆ.

ಸಾಹೇಬರ ಮಗ ಬೆಂಗಳೂರಿನಲ್ಲಿ ಬೇರೆ ಉದ್ಯೋಗದಲ್ಲಿದ್ದಾನೆ. ಅಂಗಡಿಯನ್ನು ಮುಂದುವರಿಸುವವರು ಸದ್ಯಕ್ಕೆ ಯಾರೂ ಇಲ್ಲ. ನಮ್ಮ ಯುವಕ ಈಗ ಶನಿವಾರಗಳಂದು ಅಲ್ಲಿಗೆ ಹೋಗಿ ಸೀಟು ಕೆತ್ತುವುದನ್ನು ಕಲಿಯುತ್ತಿದ್ದಾನೆ. ಬಸ್ಸಿನ ದುಡ್ಡನ್ನು ಸಾಹೇಬರೇ ಕೊಡುತ್ತಾರೆ. ಗುರುಗಳಾದ ನಮಗೆ ವರ್ಗಾವಣೆ ತಪ್ಪಿದ್ದಲ್ಲ. ನನ್ನ ಸರದಿಯೂ ಸಮೀಪಿಸಿದೆ. ಆದುದರಿಂದ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದೇನೆ. ಹೆಡ್ಡಿನಿಂದ ಎಷ್ಟು ಕೆತ್ತಿದೆ, ಯಾವ ಗೈಡುಗಳು ಹೊಸವು, ಯಾವ ಸೀಟುಗಳಿಗೆ ಉಂಗುರವಿದೆ, ಯಾವುದಕ್ಕಿಲ್ಲ, ಕೂಲೆಂಟನ್ನು ಮತ್ತೆ ಯಾವಾಗ ಬದಲಿಸಬೇಕು, ಎಲ್ಲವೂ ಅದರಲ್ಲಿವೆ. ಪ್ರತಿ ಎರಡು ಸಾವಿರ ಕಿಲೋಮೀಟರಿಗೊಮ್ಮೆ ಅಳೆದ ಟ್ಯಾಪೆಟ್ಟಿನ ಅಂತರಗಳನ್ನು ಯುವಕ ತನ್ನ ಕೈಬರಹದಲ್ಲಿ ನಮೂದಿಸುತ್ತಾನೆ. ಎಕ್ಸಾಸ್ಟ್ ಕಡೆಯ ನಾಲ್ಕು ಅಂಕಿಗಳು ಈವರೆಗೆ ಬದಲಾಗಿಲ್ಲ. ಆ ಪುಸ್ತಕ ಕಾರಿನ ಬೀಗದ ಕೈಯ ಜೊತೆಗೆ ನನ್ನ ನಂತರ ಬರುವ ಗುರುಗಳ ಕೈಸೇರುತ್ತದೆ.